ಹಳೆಯ ಫಿಯಟ್‌ಗೆ ಹೊಸ ಎಂಜಿನ್: ಅಡ್ವಾನ್ಸ್ ಕೊಡುವ ಮುನ್ನ ಆರ್‌ಸಿ ತೆಗೆದು ನೋಡಿ

ಕಾಸರಗೋಡು, ಮಂಜೇಶ್ವರದ ಕಡೆಗಳಲ್ಲಿ ಹಳೆಯ ಫಿಯಟನ್ನೋ ಅಂಬಾಸಿಡರನ್ನೋ ಶೆಡ್ಡಿನಿಂದ ಹೊರತೆಗೆದು, ಹೊಸ ಕಾಲದ ಎಂಜಿನ್ ಕೂರಿಸಿ ಓಡಿಸುವ ಉಮೇದು ಈಚೆಗೆ ಹಲವರಲ್ಲಿ ಕಾಣುತ್ತಿದೆ. ಅಂತಹ ಯೋಚನೆಯಲ್ಲಿರುವವರು, ಅದರಲ್ಲೂ ಕೆಲಸವನ್ನು ಗಡಿಯಾಚೆಯ ಗ್ಯಾರೇಜಿಗೆ ಒಪ್ಪಿಸಿ ಕಾರನ್ನು ಕೇರಳದ ನೋಂದಣಿಯಲ್ಲೇ ಇಟ್ಟುಕೊಳ್ಳಬೇಕೆಂದಿರುವವರು, ಇದನ್ನು ಓದಿಯೇ ಮುಂದುವರಿಯಲಿ ಎಂದು ಬರೆಯುತ್ತಿದ್ದೇನೆ. ಕರ್ನಾಟಕದ ಒಂದು ಗ್ಯಾರೇಜಿನಲ್ಲಿ ಮಾರುತಿ ಜಿಪ್ಸಿಯ ಎಂಜಿನ್ ಹಾಕಿಸಿದ ನಮ್ಮ ಮನೆಯ 1971ರ ಫಿಯಟ್ 1100 ಡಿಲೈಟ್ ಈಗ ಕೀಲಿ ತಿರುಗಿಸಿದ ಕ್ಷಣದಲ್ಲೇ ಸ್ಟಾರ್ಟ್ ಆಗುತ್ತದೆ. ಆದರೆ ಅದನ್ನು ರಸ್ತೆಗಿಳಿಸುವಂತಿಲ್ಲ, ಮಾರುವಂತಿಲ್ಲ, ಹಳೆಯ ರೂಪಕ್ಕೆ ತರುವುದಕ್ಕೂ ಆಗುತ್ತಿಲ್ಲ.

ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಈ ಕಾರೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ನಮ್ಮೂರಿನವರ ಬಾಯಲ್ಲಿ ಮಾತ್ರ ಎಲ್ಲವೂ ಫಿಯಟ್ಟೇ. ಇದರ ಮೂಲ ಎಂಜಿನ್ 1089 ಸಿಸಿ, ಶಕ್ತಿ ಸುಮಾರು 40 ಅಶ್ವಶಕ್ತಿ. ಬದಿಯಡ್ಕದಿಂದ ಪೆರ್ಲ ಅಥವಾ ಮುಳ್ಳೇರಿಯದ ಕಡೆಗೆ ಏರುತಗ್ಗಿನ ರಸ್ತೆಯಲ್ಲಿ ನಾಲ್ಕು ಜನ ಕುಳಿತು ಹೋಗುವಾಗ ಈ ಎಂಜಿನ್ ಏದುಸಿರು ಬಿಡುವುದು ಸಹಜವೇ. ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಇದರ ಎರಡು ಪಟ್ಟು ಶಕ್ತಿ ಕೊಡುತ್ತದೆ. ಅದು ಫಿಯಟ್ಟಿನ ಎಂಜಿನ್ನಿನಂತೆಯೇ ಉದ್ದುದ್ದಕ್ಕೆ ಕೂರುವ, ಹಿಂದಿನ ಚಕ್ರಗಳಿಗೆ ಶಾಫ್ಟ್ ಮೂಲಕ ಬಲ ಕಳಿಸುವ ಜೋಡಣೆಯದು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಗಿಯರ್‌ಬಾಕ್ಸಿನಿಂದ ಬೇರೆಯಾಗಿರುವುದರಿಂದ ಐದು ಗಿಯರಿನ ಪೆಟ್ಟಿಗೆಯನ್ನೂ ಹಾಗೆಯೇ ಬಳಸಬಹುದು. ಗ್ಯಾರೇಜಿನವರು ಹೇಳಿದ ಈ ಮಾತುಗಳಲ್ಲಿ ಸುಳ್ಳೇನೂ ಇರಲಿಲ್ಲ. ತಾಂತ್ರಿಕವಾಗಿ ಸರಿಯಾದ ಇಷ್ಟು ಮಾತುಗಳ ಜೊತೆಗೆ ಸೇರಿಕೊಂಡು ಬಂದ ಇನ್ನೊಂದು ಮಾತು ಅಪಾಯಕಾರಿಯಾಗಿತ್ತು: "ಕಾಗದದ ಕೆಲಸ ಆಮೇಲೆ ಮಾಡುವ ಮಾಷ್ಟ್ರೇ, ನಮ್ಮ ಏಜೆಂಟರು ನೋಡಿಕೊಳ್ತಾರೆ."

ಈ ಕಾಗದದ ಕೆಲಸ ಆಮೇಲೆ ಆಗುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳ ಹೈಕೋರ್ಟಿನ ತೀರ್ಪೊಂದರ ವಿರುದ್ಧದ ಮೇಲ್ಮನವಿಯಲ್ಲಿಯೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಹಾಗಾಗಿ ನಮ್ಮ ರಾಜ್ಯದ ಅಧಿಕಾರಿಗಳು ಈ ವಿಷಯದಲ್ಲಿ ಸಡಿಲ ಬಿಡುತ್ತಾರೆಂದು ನಂಬುವುದಕ್ಕೆ ಆಧಾರವೇ ಇಲ್ಲ. ಎಂಜಿನ್ ಕೆಟ್ಟಾಗ ಅದೇ ತಯಾರಕರ ಅದೇ ಬಗೆಯ ಎಂಜಿನ್ನನ್ನು ಪೂರ್ವಾನುಮತಿ ಪಡೆದು ಹಾಕಿಸುವುದು ಬೇರೆ, ಒಂದು ಕಂಪನಿಯ ಕಾರಿಗೆ ಇನ್ನೊಂದು ಕಂಪನಿಯ ಎಂಜಿನ್ ಇಳಿಸುವುದು ಬೇರೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಇಂತಹ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಈ ಶಿಕ್ಷೆ ಇರುವುದು ವಾಹನದ ಮಾಲೀಕರಿಗೆ. ಗ್ಯಾರೇಜಿನವರು ತಮ್ಮ ಹಣ ಎಣಿಸಿಕೊಂಡು ದೂರ ನಿಂತಿರುತ್ತಾರೆ.

ನಮ್ಮ ಕಾರಿನ ಆರ್‌ಸಿ ನವೀಕರಣಕ್ಕೆ ಬಂದಾಗ ಆ ಏಜೆಂಟರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಕಾರನ್ನು ನಾವೇ ತಪಾಸಣೆಗೆ ಒಯ್ದೆವು. ಕಾಸರಗೋಡು ಜಿಲ್ಲೆ ಆದದ್ದೇ 1984ರಲ್ಲಿ, ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆಯವರು. ಆದ್ದರಿಂದ ಇಷ್ಟು ಹಳೆಯ ಗಾಡಿಯ ವಿವರವನ್ನು ಕಂಪ್ಯೂಟರಿಗೆ ಏರಿಸುವುದೇ ಒಂದು ತಾಪತ್ರಯವಾಗಬಹುದೆಂದು ಭಾವಿಸಿದ್ದೆ. ಅಡ್ಡಿ ಬಂದದ್ದು ಅಲ್ಲಿಂದಲ್ಲ. ನಿರೀಕ್ಷಕರು ಬಾನೆಟ್ ಎತ್ತಿಸಿ, ಎಂಜಿನ್ ಬ್ಲಾಕಿನ ಮೇಲೆ ಟಾರ್ಚ್ ಹಿಡಿದು, ಎಣ್ಣೆಮಣ್ಣನ್ನು ಬಟ್ಟೆಯಿಂದ ಒರೆಸಿದರು. ಅಂಗೈಯ ಅರ್ಧದಷ್ಟು ಜಾಗವನ್ನು ಗ್ರೈಂಡರಿನಿಂದ ಉಜ್ಜಿ ಸಪಾಟು ಮಾಡಲಾಗಿತ್ತು. ಗ್ರೈಂಡರಿನ ಕಮಾನಿನಂತಹ ಗೀರುಗಳು ಹಾಗೆಯೇ ಇದ್ದವು. ಅವುಗಳ ಮೇಲೆ ಕೈಪಂಚಿನಿಂದ ಬಡಿದು ಕೂರಿಸಿದ ಅಂಕೆಗಳಲ್ಲಿ ಒಂದು ಮೇಲಕ್ಕೆ, ಮುಂದಿನದು ಕೆಳಕ್ಕೆ, 8ರ ಅಂಕೆಯಂತೂ ಎರಡು ಸಲ ಬಡಿದು ಮಸುಕಾಗಿತ್ತು. ಆರ್‌ಸಿ ಪುಸ್ತಕದಲ್ಲಿದ್ದ ಹಳೆಯ ಫಿಯಟ್ ಎಂಜಿನ್ನಿನ ನಂಬರನ್ನೇ ಜಿಪ್ಸಿಯ ಬ್ಲಾಕಿನ ಮೇಲೆ ಹೊಡೆದುಬಿಟ್ಟಿದ್ದರು. "ಎಂಜಿನ್ ಫಿಯಟ್ಟಿನದ್ದಲ್ಲ, ನಂಬರ್ ಮಾತ್ರ ಫಿಯಟ್ಟಿನದ್ದು ಹೇಗೆ ಬಂತು?" ಎಂದು ಅವರು ಮಲಯಾಳದಲ್ಲಿ ಕೇಳಿದರು. ಇಂತಹದ್ದೊಂದು ಕೆಲಸ ಆಗಿದೆಯೆಂಬುದು ನಮಗೆ ತಿಳಿದದ್ದು ಆಗಲೇ.

ಎಂಜಿನ್ ಬದಲಾವಣೆ ಎಂದರೆ ಹೆಚ್ಚೆಂದರೆ ದಂಡ ಕಟ್ಟುವ ವಿಷಯ ಎಂದು ಭಾವಿಸುವವರು ಇದನ್ನು ಗಮನಿಸಬೇಕು. ಎಂಜಿನ್ ನಂಬರ್ ಉಜ್ಜಿ ಬೇರೆ ನಂಬರ್ ಹೊಡೆದದ್ದು ಕಂಡುಬಂದರೆ ಆ ಎಂಜಿನ್ ಕದ್ದದ್ದೇ ಎಂಬ ಪ್ರಶ್ನೆ ಏಳುತ್ತದೆ, ಪೊಲೀಸರವರೆಗೂ ಹೋಗುತ್ತದೆ. ಎಂಜಿನ್ ಯಾವ ವಾಹನದಿಂದ ಬಿಚ್ಚಿದ್ದು ಎಂದು ತೋರಿಸುವ ಕಾಗದ ನಮ್ಮಲ್ಲಿ ಇರಲಿಲ್ಲ. ಕೊಯಮತ್ತೂರಿನ ಉಕ್ಕಡಂ, ಚೆನ್ನೈಯ ಪುದುಪೇಟೆಯಂತಹ ಹಳೆಯ ಬಿಡಿಭಾಗಗಳ ಪೇಟೆಗಳಲ್ಲಿ ಎಂಜಿನ್ ಸಿಗುವುದೇನೋ ಹೌದು, ಆದರೆ ಮೂಲ ವಾಹನದ ನೋಂದಣಿ ರದ್ದಾದ ಪತ್ರದ ಪ್ರತಿ ಮತ್ತು ಮಾರಾಟದ ಬಿಲ್ಲು ಜೊತೆಗಿಲ್ಲದಿದ್ದರೆ ಅದನ್ನು ಮುಟ್ಟಲೇಬಾರದು. ನಮಗೆ ಗ್ಯಾರೇಜಿನಿಂದ ಬಂದದ್ದು "ಎಂಜಿನ್ ಕೆಲಸ" ಎಂದು ಬರೆದ, ತೆರಿಗೆ ಸಂಖ್ಯೆಯೂ ಸಹಿಯೂ ಇಲ್ಲದ ಒಂದು ಚೀಟಿ.

ನನಗೆ ಇದಕ್ಕಿಂತಲೂ ಹೆಚ್ಚು ಬೇಸರ ತಂದದ್ದು ಇನ್ನೊಂದು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷದ ವಿಂಟೇಜ್ ನೋಂದಣಿಯೂ ನಂಬರಿನ ನಡುವೆ "ವಿಎ" ಎಂಬ ಗುರುತೂ ಸಿಗುತ್ತದೆ. ಅಂತಹ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ನಮ್ಮಂತಹವರಿಗೆ ಅಷ್ಟೇ ಸಾಕಿತ್ತು. ಆದರೆ ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿದ್ದರೆ ಆ ವಾಹನ ವಿಂಟೇಜ್ ಅಲ್ಲವೆಂದು ನಿಯಮದಲ್ಲೇ ಇದೆ. ಅರ್ಧ ಶತಮಾನ ಬಾಳಿದ ಕಾರು ಆ ಯೋಗ್ಯತೆ ಕಳೆದುಕೊಂಡದ್ದು ಒಂದು ಎಂಜಿನ್ನಿನ ದೆಸೆಯಿಂದ. 1970ರ ದಶಕದ ಫಿಯಟ್ ಮನೆಯಲ್ಲಿರುವವರು ಆರ್‌ಸಿ ಪುಸ್ತಕದ ಮೊದಲ ಪುಟದ ತಾರೀಕನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಕೆಲಸದ ಗುಣಮಟ್ಟ. ಫಿಯಟ್ಟಿಗೆ ಬೇರೆ ಚಾಸಿಸ್ ಎಂಬುದಿಲ್ಲ, ಬಾಡಿಯೇ ಭಾರ ಹೊರುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಐವತ್ತು ವರ್ಷ ಒಡ್ಡಿಕೊಂಡ ತಗಡು ಒಳಗಿನಿಂದ ತಿಂದುಹೋಗಿರುತ್ತದೆ. ಹೊಸ ಎಂಜಿನ್ನಿನ ಮೌಂಟುಗಳನ್ನು ಅದೇ ತಗಡಿಗೆ ವೆಲ್ಡ್ ಮಾಡಿ, ಮೇಲಿಂದ ಪುಟ್ಟಿ ಬಳಿದು, ಕಪ್ಪು ಬಣ್ಣ ಹೊಡೆದಿದ್ದರು. ಪರೀಕ್ಷೆ ಬಹಳ ಸುಲಭ: ಒಂದು ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗಿನ ಪಟ್ಟಿಯ ಉದ್ದಕ್ಕೂ ಜಾರಿಸುತ್ತ ಹೋಗಬೇಕು. ಕಬ್ಬಿಣವಿರುವಲ್ಲಿ ಅದು ಹಿಡಿದುಕೊಳ್ಳುತ್ತದೆ, ದಪ್ಪ ಪುಟ್ಟಿಯಿರುವಲ್ಲಿ ಕೈಯಿಂದ ಜಾರುತ್ತದೆ. ನಮ್ಮ ಕಾರಿನ ಎಡಬದಿಯಲ್ಲಿ ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಅದು ಎಲ್ಲಿಯೂ ಹಿಡಿಯಲಿಲ್ಲ.

ಎಂಜಿನ್ನಿನ ಶಕ್ತಿ ಎರಡು ಪಟ್ಟಾಯಿತು. ಬ್ರೇಕ್ ಮಾತ್ರ ನಾಲ್ಕು ಚಕ್ರಗಳಿಗೂ ಹಳೆಯ ಡ್ರಮ್ಮೇ. ಒಪ್ಪಂದದ ಮಾತಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುವುದೂ ಸೇರಿತ್ತು, ಬರೆಹದಲ್ಲಿ ಇರಲಿಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಎಂಜಿನ್ನಿಗೆ ಹೆಚ್ಚಿನ ಒತ್ತಡದ ವಿದ್ಯುತ್ ಪಂಪು ಬೇಕು, ಕಸವಿಲ್ಲದ ಪೆಟ್ರೋಲು ಬೇಕು. ನಮ್ಮ ಹಳೆಯ ಟ್ಯಾಂಕಿನೊಳಗಿನ ತುಕ್ಕು ಫಿಲ್ಟರನ್ನು ಪದೇ ಪದೇ ಕಟ್ಟಿ ಕಾರು ದಾರಿಯಲ್ಲೇ ನಿಲ್ಲುತ್ತಿತ್ತು. ಹಿಂದಿನ ಚಕ್ರಗಳಿಗೆ ಬಲ ಕಳಿಸುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಉದ್ದ ಹೊಂದಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸದ ಕಾರಣ ವೇಗ ಹೆಚ್ಚಿದ ಕೂಡಲೇ ನೆಲವೆಲ್ಲ ನಡುಗುತ್ತಿತ್ತು. ಸ್ಪೀಡೋಮೀಟರ್ ತೋರಿಸುವ ವೇಗಕ್ಕೂ ನಿಜವಾದ ವೇಗಕ್ಕೂ ತಾಳವೇ ಇರಲಿಲ್ಲ. ಸ್ಟಿಯರಿಂಗ್ ಪಕ್ಕದ ಗಿಯರ್ ಲಿವರನ್ನು ಕಿತ್ತು ನೆಲಕ್ಕೆ ತೂತು ಕೊರೆದ ಜಾಗದಿಂದ ಮಳೆಗಾಲದಲ್ಲಿ ನೀರು ಬರುತ್ತದೆ ಎಂಬುದನ್ನು ಈ ದೊಡ್ಡ ದೂರುಗಳ ನಡುವೆ ಹೇಳುವುದಕ್ಕೇ ಸಂಕೋಚವಾಗುತ್ತದೆ.

ವಿಮೆಯ ಬಗ್ಗೆ ಗ್ಯಾರೇಜಿನವರು ಕೊಟ್ಟ ಸಮಾಧಾನ ಕೇಳುವುದಕ್ಕೆ ಚೆನ್ನಾಗಿತ್ತು. 1089 ಸಿಸಿಯೂ 1298 ಸಿಸಿಯೂ ಸಾವಿರದಿಂದ ಒಂದೂವರೆ ಸಾವಿರ ಸಿಸಿಯ ಒಂದೇ ದರ್ಜೆಗೆ ಸೇರುವುದರಿಂದ ಥರ್ಡ್ ಪಾರ್ಟಿ ಪ್ರೀಮಿಯಂ ಬದಲಾಗುವುದಿಲ್ಲ ಎಂದಿದ್ದರು. ಪ್ರೀಮಿಯಂ ಬದಲಾಗುವುದಿಲ್ಲ, ಸರಿ. ಆದರೆ ಪಾಲಿಸಿಯಲ್ಲಿ ಬರೆದ ಎಂಜಿನ್ ಒಂದು, ಕಾರಿನಲ್ಲಿರುವುದು ಇನ್ನೊಂದು ಎಂದಾದರೆ ಅಪಘಾತದ ದಿನ ಕಂಪನಿ ಕ್ಲೇಮನ್ನು ತಿರಸ್ಕರಿಸುವುದಕ್ಕೆ ಬೇರೆ ನೆಪವೇ ಬೇಡ.

ನವೀಕರಣವಾಗದ ಕಾರಿಗೆ ಮೂಲ ಎಂಜಿನ್ನನ್ನೇ ಮರಳಿ ಕೂರಿಸಿದರೆ ದಾರಿಯಿದೆಯೆಂದು ತಿಳಿದು ಗ್ಯಾರೇಜಿಗೆ ಹೋದರೆ, ಹಳೆಯ ಎಂಜಿನ್ನೂ ಗಿಯರ್‌ಬಾಕ್ಸೂ ಗುಜರಿಗೆ ಹೋಗಿ ಕಾಲವಾಗಿತ್ತು. "ಅದನ್ನು ಇಟ್ಟುಕೊಂಡು ಏನು ಮಾಡುವುದು, ತೂಕಕ್ಕೆ ಕೊಟ್ಟೆವು" ಎಂದರು. ಆ ದುಡ್ಡೂ ನಮಗೆ ಬಂದಿಲ್ಲ. ಎಂಜಿನ್ ಬಿಚ್ಚಿದ ದಿನವೇ ಹಳೆಯದನ್ನು, ಅದರ ನಂಬರಿನ ಫೋಟೋ ಸಹಿತ, ಮನೆಗೆ ತಂದಿಡಿ. ತೆಂಗಿನಕಾಯಿ ಕೊಟ್ಟಿಗೆಯಲ್ಲಿ ಅದಕ್ಕೊಂದು ಮೂಲೆ ಸಿಗದೇ ಇರದು.

ಹಳೆಯ ಫಿಯಟ್ಟನ್ನು ಓಡಿಸಲೇಬೇಕೆಂಬ ಆಸೆಯುಳ್ಳವರಿಗೆ ಮೂಲ ಎಂಜಿನ್ನನ್ನೇ ರೀಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸಿ), ಪಿಸ್ಟನ್, ಬೇರಿಂಗ್, ರೇಡಿಯೇಟರ್ ಸರಿಪಡಿಸಿಕೊಳ್ಳುವ ದಾರಿ ತೆರೆದೇ ಇದೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನವರೆಗೂ ಓಡುತ್ತಿದ್ದ ಕಾರಣ ಬಿಡಿಭಾಗಗಳು ಇನ್ನೂ ಪೂರ್ತಿ ಮಾಯವಾಗಿಲ್ಲ. ಬ್ಯಾಟರಿ, ಸಿಎನ್‌ಜಿಯಂತಹ ಇಂಧನಕ್ಕೆ ಬದಲಾಯಿಸುವವರಿಗೆ 52ನೆಯ ಕಲಮಿನಲ್ಲೇ ಅವಕಾಶವಿದೆ. ಅದಕ್ಕೂ ಅನುಮೋದಿತ ಕಿಟ್ಟೇ ಬೇಕು, ಸಾರಿಗೆ ಕಚೇರಿಯ ದಾಖಲೆಯೂ ಬೇಕು. ಯಾವ ಕೆಲಸವೇ ಆಗಲಿ, ಕಚೇರಿಯ ಲಿಖಿತ ಅನುಮತಿ ಕೈಗೆ ಬರುವ ಮೊದಲು ಗ್ಯಾರೇಜಿನಲ್ಲಿ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ.

ನನ್ನ ಹಾಗೆ ಈಗಾಗಲೇ ಸಿಕ್ಕಿಬಿದ್ದವರಿಗೆ ಒಂದು ಮಾಹಿತಿ. ಗ್ಯಾರೇಜು ಕರ್ನಾಟಕದಲ್ಲಿದೆ, ಅಲ್ಲಿಗೆ ಅಲೆಯುವುದು ಯಾರು ಎಂದು ಕೈಬಿಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಬಿಲ್ಲು ಕೊಡದಿದ್ದರೂ ಗ್ಯಾರೇಜಿನವರ ಖಾತೆಗೆ ಕಳಿಸಿದ ಹಣದ ಬ್ಯಾಂಕ್ ದಾಖಲೆ, ಎಂಜಿನ್ ಬದಲಿಸುವಾಗ ಅವರೇ ಕಳಿಸಿದ ಫೋಟೋಗಳು, ಏಜೆಂಟರ ಬಗ್ಗೆ ಕೊಟ್ಟ ಧ್ವನಿ ಸಂದೇಶಗಳು ಇವೆಲ್ಲ ಸಾಕ್ಷ್ಯವಾಗಬಲ್ಲವು. ಆದ್ದರಿಂದ ಜಗಳವಾಯಿತೆಂಬ ಸಿಟ್ಟಿನಲ್ಲಿ ಫೋನಿನಿಂದ ಯಾವುದನ್ನೂ ಅಳಿಸಬೇಡಿ. ನಾವು ಇವುಗಳನ್ನೆಲ್ಲ ಜೋಡಿಸಿ ದೂರು ಸಲ್ಲಿಸಿದ್ದೇವೆ, ವಿಚಾರಣೆ ಇನ್ನೂ ಬಾಕಿಯಿದೆ.