ಹೊಸ ಬಣ್ಣ, ಹಳೆಯ ತುಕ್ಕು: ಎಂಜಿಬಿ ಕೊಳ್ಳುವವರಿಗೂ ರಿಪೇರಿಗೆ ಕೊಡುವವರಿಗೂ ಎಚ್ಚರಿಕೆ

ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ರಜಾದಿನಗಳಲ್ಲಿ ತಾವೇ ಬಿಚ್ಚಿ ಜೋಡಿಸುವ ಹವ್ಯಾಸ ಹಚ್ಚಿಕೊಂಡವರು ಕೆಲವರನ್ನು ನಾನು ಬಲ್ಲೆ. ಹೊಸದಾಗಿ ಆ ಹಾದಿಗೆ ಬರುವವರ ಕಣ್ಣು ಸಾಮಾನ್ಯವಾಗಿ ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿ ಕಾರಿನ ಮೇಲೆ ಬೀಳುತ್ತದೆ. ಅದರಲ್ಲಿ ತಪ್ಪಿಲ್ಲ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು, ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ, 1798 ಸಿಸಿ ಎಂಜಿನ್ನನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಕಲಿಯಬಹುದು. ಆದರೆ ಈ ಕಾರಿನ ಜೀವ ಎಂಜಿನ್ನಿನಲ್ಲಿಲ್ಲ, ಬಾಗಿಲುಗಳ ಕೆಳಗಿನ ಸಿಲ್‌ಗಳಲ್ಲಿದೆ. ನನ್ನ 1967ರ ರೋಡ್‌ಸ್ಟರ್‌ನ (ಛಾವಣಿಯಿಲ್ಲದ ಎಂಜಿಬಿಯ) ಸಿಲ್‌ಗಳಿಗೆ ಮಿಡ್‌ಲ್ಯಾಂಡ್ಸ್ ಭಾಗದ ಒಂದು ವರ್ಕ್‌ಶಾಪ್ ಮಾಡಿದ್ದನ್ನು ಬರೆಯುತ್ತೇನೆ. ಇನ್ನೊಬ್ಬರ ಕಾರಿಗೆ ಹಾಗಾಗಬಾರದು.

ಸಿಲ್ ಎಂದರೆ ಮುಂದಿನ ಚಕ್ರದ ಹಿಂದಿನಿಂದ ಹಿಂದಿನ ಚಕ್ರದ ಮುಂದಿನವರೆಗೆ ಬಾಗಿಲಿನಡಿ ಸಾಗುವ ತಗಡಿನ ಟೊಳ್ಳು ಪೆಟ್ಟಿಗೆ. ನಮ್ಮಲ್ಲಿ ಓಡಾಡುತ್ತಿದ್ದ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಅಡಿಚೌಕಟ್ಟು, ಇತ್ತು. ಅದರ ಸಿಲ್ ತುಕ್ಕು ಹಿಡಿದರೆ ನೋಟ ಕೆಡುತ್ತಿತ್ತು, ಭಾರವನ್ನು ಚಾಸಿ ಹೊರುತ್ತಿತ್ತು. ಎಂಜಿಬಿಗೆ ಚಾಸಿ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರಬೇಕು. ರೋಡ್‌ಸ್ಟರ್‌ಗಂತೂ ಮೇಲೆ ಛಾವಣಿಯೂ ಇಲ್ಲದ ಕಾರಣ ಮುಂಭಾಗ ಹಿಂಭಾಗಗಳನ್ನು ಒಂದಾಗಿ ಹಿಡಿದಿರುವುದು ಮುಖ್ಯವಾಗಿ ಎರಡು ಸಿಲ್‌ಗಳು ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗ. ಸಿಲ್ ಕೂಡ ಒಂದೇ ತಗಡಲ್ಲ. ಹೊರಗಿನದೊಂದು, ಒಳಗಿನದೊಂದು, ಎರಡರ ನಡುವೆ ನಿಂತ ಪರದೆಯಂಥದ್ದೊಂದು, ಅಡಿಯಲ್ಲಿ ಕೋಟೆಯ ತೆನೆಗಳಂತೆ ಮಡಿಕೆಗಳಿರುವ ಕ್ಯಾಸಲ್ ರೈಲ್. ಹೊರಗಿನ ತಗಡಿನಲ್ಲಿ ತುಕ್ಕು ಕಾಣಿಸುವ ಹೊತ್ತಿಗೆ ಒಳಗಿನವು ಸಾಮಾನ್ಯವಾಗಿ ಇನ್ನೂ ಕೆಟ್ಟಿರುತ್ತವೆ.

ಎಂಜಿನ್, ಬ್ರೇಕು, ಎರಡು ಎಸ್‌ಯು ಕಾರ್ಬ್ಯುರೇಟರ್, ವೈರಿಂಗ್ ಇವನ್ನೆಲ್ಲ ನಾನೇ ಮಾಡಿಕೊಂಡೆ. ಕಾರು ಮೊದಲು ಯಾವ ಬಣ್ಣದಲ್ಲಿತ್ತು ಎಂದು ತಿಳಿಯಲು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿನಿಂದ ಹೆರಿಟೇಜ್ ಪ್ರಮಾಣಪತ್ರ ತರಿಸಿದೆ. ಅವರ ದಾಖಲೆಯಲ್ಲಿ ಟಾರ್ಟನ್ ರೆಡ್ ಎಂದಿತ್ತು. ಆ ಕೆಂಪನ್ನು ಮತ್ತೆ ಅದರ ಮೈಮೇಲೆ ನೋಡಬೇಕೆಂಬ ಆಸೆ ಅಂದಿನಿಂದ ಬಲವಾಯಿತು. ಸಿಲ್ ಬೆಸುಗೆ ಮತ್ತು ಬಣ್ಣ ಮಾತ್ರ ಅನುಭವಿಗಳ ಕೆಲಸವೆಂದು ವರ್ಕ್‌ಶಾಪ್‌ಗೆ ಒಪ್ಪಿಸಿದೆ. ಒಪ್ಪಂದದ ಕಾಗದದಲ್ಲಿ ಸ್ಪಷ್ಟವಾಗಿ ಬರೆಸಿದ್ದೆ: ಹಳೆಯ ಸಿಲ್‌ಗಳನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು, ನಡುಪರದೆ ಮತ್ತು ಕ್ಯಾಸಲ್ ರೈಲ್ ಹೊಸದಾಗಬೇಕು, ಒಳಭಾಗ ತೆರೆದಿರುವಾಗ ನನ್ನನ್ನು ಕರೆದು ತೋರಿಸಬೇಕು.

ಕರೆಯಲಿಲ್ಲ. ನಾನು ಹೋಗಿ ನೋಡಿದಾಗ ಇಡೀ ಕಾರು ಪ್ರೈಮರ್ ಬಳಿದುಕೊಂಡು ನಿಂತಿತ್ತು. "ಪೇಂಟ್ ಬೂತ್ ಖಾಲಿಯಾಯಿತು, ಸಮಯ ಹಾಳಾಗಬಾರದೆಂದು ಮುಂದುವರಿಸಿದೆವು, ಎಲ್ಲದರ ಫೋಟೊ ಇದೆ" ಎಂದರು. ಫೋಟೊಗಳಲ್ಲಿ ಬೂದು ಬಣ್ಣದ ಪ್ರೈಮರ್ ಹೊಡೆದ ಅಚ್ಚುಕಟ್ಟಾದ ನಡುಪರದೆ, ಸಾಲಾಗಿ ಬೆಸುಗೆಯ ಚುಕ್ಕೆಗಳು ಇದ್ದವು. ಎಂಒಟಿ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಎಂಬ ತಪಾಸಣೆ, ಮಾಡಿಸಿಯೇ ಕೊಡಿ ಎಂದು ನಾನು ಕೇಳಿದ್ದಕ್ಕೆ, "ಇಷ್ಟು ಹಳೆಯ ಕಾರಿಗೆ ಅದು ಬೇಕಾಗಿಲ್ಲವಲ್ಲ" ಎಂಬ ಉತ್ತರ ಬಂತು. ಯಾವ ವರ್ಕ್‌ಶಾಪ್‌ನಲ್ಲಾದರೂ ಈ ಮಾತು ಕೇಳಿಬಂದರೆ ಅಲ್ಲಿಯೇ ನಿಲ್ಲಿ. ಕಾನೂನಿನ ಮಟ್ಟಿಗೆ ಅವರು ಹೇಳಿದ್ದು ನಿಜ. 2018ರ ಮೇ ತಿಂಗಳಿನಿಂದ, 40 ವರ್ಷ ದಾಟಿದ ಮತ್ತು ದೊಡ್ಡ ಮಾರ್ಪಾಡು ಮಾಡದ ಕಾರುಗಳಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಆದರೆ ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾಲೀಕನ ಮೇಲೆ ಹಾಗೆಯೇ ಉಳಿದಿದೆ. ಅಪಾಯಕರ ಸ್ಥಿತಿಯಲ್ಲಿ ಓಡಿಸಿದರೆ 2,500 ಪೌಂಡ್‌ವರೆಗೆ ದಂಡ ಬೀಳಬಹುದು. ಇಷ್ಟಪಟ್ಟು ಎಂಒಟಿ ಮಾಡಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರತಿಯೊಬ್ಬರೂ ಮಾಡಿಸಬೇಕು ಎಂದೇ ನನ್ನ ಅಭಿಪ್ರಾಯ.

ಮನೆಗೆ ಬಂದ ಕಾರು ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಮೋಸದ ಬಲವೇ ಅದು. ಮೊದಲ ಸುಳಿವು ಕೊಟ್ಟದ್ದು ಬಾಗಿಲು. ಉಬ್ಬು ರಸ್ತೆಯಲ್ಲಿ ಹೋಗಿ ಬಂದ ಮೇಲೆ ಎಡಬಾಗಿಲಿನ ಹಿಂಬದಿಯ ಮೇಲ್ತುದಿ ಹಿಂದಿನ ವಿಂಗಿಗೆ (ಚಕ್ರದ ಮೇಲಿನ ಹೊರತಗಡಿಗೆ) ಉಜ್ಜಿ ಬಣ್ಣ ಕಿತ್ತಿತ್ತು. ಜಾಕ್ ಕೊಟ್ಟು ಮುಂಭಾಗವನ್ನು ಎತ್ತಿದಾಗ ಬಾಗಿಲಿನ ಸಂದಿ ಕಣ್ಣೆದುರಿಗೇ ಅಗಲ ಬದಲಿಸಿತು. ಅಂದರೆ ಬಾಡಿ ನಡುವಿನಲ್ಲಿ ಬಾಗುತ್ತಿದೆ. ಅಂದಿಗೆ ಓಡಿಸುವುದನ್ನು ನಿಲ್ಲಿಸಿದೆ. ಚಳಿಗಾಲ ಕಳೆಯುವಷ್ಟರಲ್ಲಿ ಸಿಲ್ ಹಿಂದಿನ ವಿಂಗನ್ನು ಸೇರುವ ಕಡೆ ಬಣ್ಣದಲ್ಲಿ ಸಣ್ಣ ಗುಳ್ಳೆಗಳು ಎದ್ದವು.

ಹಳೆಯ ಎಂಜಿಗಳನ್ನೇ ಬೆಸೆಯುತ್ತ ಬಂದಿರುವ ಇನ್ನೊಬ್ಬರಲ್ಲಿಗೆ ಟ್ರೇಲರ್ ಮೇಲೆ ಒಯ್ದೆ. ಅವರು ಮೊದಲು ಅಯಸ್ಕಾಂತ ಹಿಡಿದರು. ಸಿಲ್‌ನ ಹಿಂಭಾಗದಲ್ಲಿ ಅದು ಅಂಟಲೇ ಇಲ್ಲ, ಅಲ್ಲಿ ಅಷ್ಟು ದಪ್ಪ ಪುಟ್ಟಿ ಇತ್ತು. ನನ್ನ ಎದುರಿಗೇ ಗ್ರೈಂಡರ್‌ನಿಂದ ಕತ್ತರಿಸಿ ತೆರೆದರು. ಹೊಸ ಸಿಲ್ ಎಂದು ಬಿಲ್ ಮಾಡಿದ್ದು ಬರಿಯ ಕವರ್ ಸಿಲ್, ಹಳೆಯದರ ಮೇಲೆ ಹೊದಿಸುವ ತೆಳ್ಳನೆಯ ತಗಡು. ಅದರ ಹಿಂದೆ ಹಳೆಯ ಸಿಲ್ ಹಾಗೆಯೇ ಇತ್ತು. ನಡುಪರದೆಯ ಕೆಳಭಾಗ ಬೆರಳು ತಾಗಿಸಿದರೆ ಉದುರುತ್ತಿತ್ತು. ಫೋಟೊದಲ್ಲಿದ್ದ ಬೂದು ಪ್ರೈಮರಿನ ಒಂದು ಕಲೆಯೂ ಒಳಗಿರಲಿಲ್ಲ. ಆ ಚಿತ್ರಗಳು ಬೇರೆ ಯಾವುದೋ ಕಾರಿನವು. ಗೆದ್ದಲು ತಿಂದ ಬಾಗಿಲ ಚೌಕಟ್ಟಿಗೆ ಹಲಗೆ ಹೊಡೆದು ಬಣ್ಣ ಬಳಿದ ಹಾಗೆ ಇಡೀ ಕೆಲಸ ನಡೆದಿತ್ತು. ಸಾಲದ್ದಕ್ಕೆ ಅಡಿಯಲ್ಲಿ ನೀರು ಬಸಿದು ಹೋಗುವ ಕಿಂಡಿಗಳನ್ನು ಕಪ್ಪು ಅಂಡರ್‌ಸೀಲ್ (ಕಾರಿನ ಅಡಿಗೆ ಬಳಿಯುವ ದಪ್ಪ ಲೇಪ) ಬಳಿದು ಮುಚ್ಚಿದ್ದರು. ಒಳಗೆ ಇಳಿದ ಮಳೆನೀರಿಗೆ ಹೊರದಾರಿ ಇಲ್ಲದೆ ತುಕ್ಕು ಎರಡೂ ತಗಡುಗಳ ನಡುವೆ ಬೆಳೆಯಿತು. ರಿಪೇರಿಯೇ ಮಾಡಿಸದಿದ್ದರೆ ಇಷ್ಟು ಬೇಗ ಕೆಡುತ್ತಿರಲಿಲ್ಲ ಎಂದು ಅವರು ಹೇಳಿದಾಗ ನನಗೆ ಬಹಳ ಸಂಕಟವಾಯಿತು.

ಇನ್ನೂ ನೋವು ತಂದದ್ದು ಮುಂದಿನ ವಿಂಗ್‌ಗಳ ಗತಿ. ಎಂಜಿಬಿಯಲ್ಲಿ ಸಿಲ್‌ನ ಮುಂತುದಿ ವಿಂಗಿನ ಹಿಂದಕ್ಕೆ ಹೋಗುತ್ತದೆ. ಮುಂದಿನ ವಿಂಗ್ ಬೋಲ್ಟ್‌ಗಳಿಂದ ಕೂತಿರುವ ಭಾಗ, ತಾಳ್ಮೆಯಿದ್ದರೆ ಬಿಚ್ಚಬಹುದು. ಇವರು ಬಿಚ್ಚದೆ ಕೆಳಭಾಗವನ್ನೇ ಕತ್ತರಿಸಿ, ಮೇಲೆ ತೇಪೆ ಹಾಕಿ, ಪುಟ್ಟಿ ಮೆತ್ತಿದ್ದರು. 1967ರಲ್ಲಿ ಕಾರಿನೊಂದಿಗೇ ಬಂದ ವಿಂಗ್‌ಗಳು ಅವು.

ಸರಿಯಾದ ಕೆಲಸ ಹೇಗಿರುತ್ತದೆ ಎಂಬುದನ್ನು ಎರಡನೆಯ ಕಡೆ ಪೂರ್ತಿ ನೋಡಿದೆ. ಬಾಗಿಲಿನ ಸಂದಿಗಳನ್ನು ಮೊದಲು ಅಳೆದು ಬರೆದಿಟ್ಟರು. ಬಾಗಿಲು ತೆಗೆದು ಆ ತೆರಪಿಗೆ ಅಡ್ಡಲಾಗಿ ಉಕ್ಕಿನ ಊರೆ ಬೆಸೆದು ಬಾಡಿಯನ್ನು ಬಿಗಿ ಮಾಡಿದರು. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ. ಹೊಸ ತಗಡುಗಳನ್ನು ಮೊದಲು ಕ್ಲ್ಯಾಂಪ್ ಹಾಕಿ ಕೂರಿಸಿ, ಬಾಗಿಲು ತೂಗಿಸಿ, ಮುಚ್ಚಿ ತೆರೆದು ನೋಡಿ, ಆಮೇಲೆಯೇ ಬೆಸೆದರು. ಬಣ್ಣವೆಲ್ಲ ಮುಗಿದ ಮೇಲೆ ಟೊಳ್ಳಿನೊಳಗೆ ಮೇಣ ಸಿಂಪಡಿಸಿದರು, ಬಸಿಗಿಂಡಿಗಳು ತೆರೆದೇ ಉಳಿದವು. ಸಂದಿ ಅಳೆಯದೆ, ಊರೆ ಕೊಡದೆ ಸಿಲ್ ಕತ್ತರಿಸುವವರ ಕೈಗೆ ರೋಡ್‌ಸ್ಟರ್ ಕೊಡಲೇಬಾರದು. ಬಾಡಿ ಕುಸಿದ ಸ್ಥಿತಿಯಲ್ಲೇ ಬೆಸುಗೆ ಬಿದ್ದರೆ ಆಮೇಲೆ ಬಾಗಿಲು ಎಂದೂ ಸರಿಯಾಗಿ ಕೂರುವುದಿಲ್ಲ. ಹಳೆಯ ಕಾರಿಗೆ ಹೊಸ ತಗಡೇ ಸಿಗುವುದಿಲ್ಲ ಎಂಬ ನೆಪವನ್ನೂ ನಂಬಬೇಡಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುತ್ತಿದೆ. ಸಿಲ್‌ನ ಒಂದೊಂದು ಪದರವೂ ಬೇರೆ ಬೇರೆಯಾಗಿ ಸಿಗುತ್ತದೆ.

ಬಣ್ಣ ಹೊಡೆದ ಕಾರನ್ನು ಕೊಳ್ಳುವವರು ಅಯಸ್ಕಾಂತವನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಸಿಲ್ ಉದ್ದಕ್ಕೂ ಸರಿಸಿ ನೋಡಲಿ. ಕಾರನ್ನು ಎತ್ತಿಸಿ ಬಾಗಿಲ ಸಂದಿ ಬದಲಾಗುತ್ತದೆಯೇ ನೋಡಲಿ. ಅಡಿಗೆ ಇಳಿದು ಕ್ಯಾಸಲ್ ರೈಲ್‌ನ ಮಡಿಕೆಗಳು ಕಾಣುತ್ತವೆಯೇ, ದಪ್ಪ ಅಂಡರ್‌ಸೀಲ್‌ನಲ್ಲಿ ಹೂತಿವೆಯೇ ನೋಡಲಿ. ವಿಂಗ್ ಮತ್ತು ಸಿಲ್ ಸೇರುವಲ್ಲಿ ಸಂದುಗೆರೆಯೇ ಇಲ್ಲದೆ ನುಣುಪಾಗಿದ್ದರೆ ಅನುಮಾನಪಡಿ. ಎಂಒಟಿ ಇದ್ದರೂ ಅದೊಂದನ್ನೇ ನಂಬುವಂತಿಲ್ಲ, ಏಕೆಂದರೆ ತಪಾಸಣೆ ಮಾಡುವವರು ಭಾಗಗಳನ್ನು ಬಿಚ್ಚಿ ನೋಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬಣ್ಣವನ್ನಾದರೂ ಮನೆಯಲ್ಲೇ ಹೊಡೆದುಕೊಳ್ಳಬಾರದೇ ಎಂದು ಗೆಳೆಯರೊಬ್ಬರು ಕೇಳಿದರು. ಈಗ ಬಳಕೆಯಲ್ಲಿರುವ ಟೂ ಪ್ಯಾಕ್ ಬಣ್ಣಕ್ಕೆ ಬೆರೆಸುವ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸಿಂಪಡಿಸುವಾಗ ಅದರ ಮಂಜು ಶ್ವಾಸಕ್ಕೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಜೀವಮಾನವಿಡೀ ಉಳಿಯಬಹುದು. ಸಾಮಾನ್ಯ ಮಾಸ್ಕ್ ಅದಕ್ಕೆ ಸಾಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೂ ಸರಿಯಾದ ಬೂತ್ ಕೂಡ ಬೇಕು. ಮನೆಮಕ್ಕಳು ಓಡಾಡುವ ಗ್ಯಾರೇಜಿನಲ್ಲಿ ದಯವಿಟ್ಟು ಇದಕ್ಕೆ ಕೈಹಾಕಬೇಡಿ. ಉಜ್ಜುವುದು, ಪುಟ್ಟಿ ನಯ ಮಾಡುವುದು, ಬಿಚ್ಚಿ ಜೋಡಿಸುವುದು ನಾವೇ ಮಾಡಿಕೊಂಡರೂ ಸಾಕಷ್ಟು ಹಣ ಉಳಿಯುತ್ತದೆ, ಕೆಲಸದ ಸಂತೋಷವೂ ಸಿಗುತ್ತದೆ.

ಹಣದ ವಿಚಾರ. ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರಿಂದ ನನಗೆ ದಾರಿ ಸಿಕ್ಕಿತು. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೆಯ ಕಲಮಿನಂತೆ, ಬೆಲೆ 100 ಪೌಂಡಿಗಿಂತ ಹೆಚ್ಚು ಮತ್ತು 30,000 ಪೌಂಡ್ ಮೀರದ ವ್ಯವಹಾರದಲ್ಲಿ ಒಂದಿಷ್ಟು ಭಾಗವನ್ನು ಕಾರ್ಡಿನಲ್ಲಿ ಕೊಟ್ಟಿದ್ದರೂ ಕಾರ್ಡ್ ಕಂಪನಿ ಇಡೀ ಮೊತ್ತಕ್ಕೆ ಹೊಣೆಯಾಗುತ್ತದೆ. 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆಯಂತೆ ಕೆಲಸವನ್ನು ತಕ್ಕ ಎಚ್ಚರ, ಕೌಶಲಗಳಿಂದ ಮಾಡಿಕೊಡುವುದು ವರ್ಕ್‌ಶಾಪ್‌ನ ಕರ್ತವ್ಯ. ಲಿಖಿತ ಒಪ್ಪಂದ, ಅವರು ಕಳುಹಿಸಿದ ಫೋಟೊಗಳು, ಕತ್ತರಿಸುವಾಗ ತೆಗೆದ ಚಿತ್ರಗಳು, ಎರಡನೆಯವರ ಲಿಖಿತ ವರದಿ ಇಷ್ಟನ್ನೂ ಕಳುಹಿಸಿದೆ. ಬಹುಪಾಲು ಹಣ ಮರಳಿತು. ಕಾರ್ಡ್ ಇಲ್ಲದವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡ್‌ವರೆಗಿನ ತಕರಾರಿಗೆ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯದ ಮಾರ್ಗವಿದೆ.

ನಿಮ್ಮ ಕಾರು ಈಗಾಗಲೇ ಇಂಥ ಕೈಗೆ ಸಿಕ್ಕಿದೆ ಎಂಬ ಅನುಮಾನವಿದ್ದರೆ ಸಿಲ್‌ಗೆ ಜಾಕ್ ಕೊಡಬೇಡಿ, ಓಡಿಸಬೇಡಿ. ತಕ್ಷಣ ಕತ್ತರಿಸಿ ನೋಡುವ ಆತುರವೂ ಬೇಡ. ಮೊದಲು ಸಂಬಂಧವಿಲ್ಲದ ಪರಿಣತರೊಬ್ಬರನ್ನು ಗೊತ್ತು ಮಾಡಿಕೊಳ್ಳಿ, ವರ್ಕ್‌ಶಾಪ್‌ಗೆ ಲಿಖಿತವಾಗಿ ತಿಳಿಸಿ ಉತ್ತರಿಸಲು ಅವಕಾಶ ಕೊಡಿ. ತೆರೆಯುವ ದಿನ ಕಾರಿನ ನಂಬರ್ ಪ್ಲೇಟ್ ಮತ್ತು ಕತ್ತರಿಸಿದ ಜಾಗ ಒಂದೇ ಚೌಕಟ್ಟಿನಲ್ಲಿ ಬರುವಂತೆ ವಿಡಿಯೊ ಮಾಡಿ, ತೆಗೆದ ತಗಡುಗಳನ್ನು ಚೀಟಿ ಅಂಟಿಸಿ ಎತ್ತಿಡಿ. ನನ್ನ ದೂರು ನಿಂತದ್ದು ಆ ತುಕ್ಕು ತಗಡುಗಳ ಮೇಲೆ.