ಹದಿನೆಂಟು ಸಾಲು, ಎಂಟು ಸಲ ಮಳೆ: ಎಡ್ವರ್ಡ್ ಥಾಮಸ್ ಅವರ ‘ರೇನ್’

ಪ್ರಾಸ ಹುಡುಕಿಕೊಂಡು ಹೋದರೆ ಇಂಗ್ಲಿಷ್ ಕವಿ ಎಡ್ವರ್ಡ್ ಥಾಮಸ್ ಅವರ ಈ ಪದ್ಯದಲ್ಲಿ ಸಾಲಿನ ಕೊನೆಗೆ ಮರಳಿ ಬರುವ ಪದ ಒಂದೇ: ರೇನ್. 1, 10 ಮತ್ತು 15ನೇ ಸಾಲು ಅದರಿಂದಲೇ ಮುಗಿಯುತ್ತವೆ. ಥ್ಯಾಂಕ್ಸ್, ಲವ್ಡ್, ರೀಡ್ಸ್, ಸ್ಟಿಫ್ ಮುಂತಾದ ಕೊನೆಗಳಿಗೆ ಜೋಡಿಯಿಲ್ಲ. ಆದರೂ ಗಟ್ಟಿಯಾಗಿ ಓದಿದರೆ ಪದ್ಯ ಪ್ರಾಸದಲ್ಲೇ ನೆನೆದಂತೆ ಕೇಳಿಸುತ್ತದೆ. ಮೊದಲನೇ ಮಹಾಯುದ್ಧದ ಮಳೆಯ ಬಗ್ಗೆ ಒಂದೇ ಪದ್ಯ ಓದುವುದಾದರೆ ಇದನ್ನೇ ಓದಿ.

ಥಾಮಸ್ 1915ರಲ್ಲಿ ಸೈನ್ಯ ಸೇರಿದರು. 1916ರ ಜನವರಿಯಲ್ಲಿ, ಎಸೆಕ್ಸ್‌ನ ತರಬೇತಿ ಶಿಬಿರದಲ್ಲಿದ್ದಾಗ ಇದನ್ನು ಬರೆದರು. 1917ರ ಏಪ್ರಿಲ್ 9ರಂದು ಫ್ರಾನ್ಸ್‌ನ ಅರಾಸ್‌ನಲ್ಲಿ ಸತ್ತರು. ಪದ್ಯದಲ್ಲಿ ಯುದ್ಧ ಎಂಬ ಪದವಿಲ್ಲ; ಇರುವುದು ಒಂದು ಗುಡಿಸಲು, ನಡುರಾತ್ರಿ, ಮಳೆ.

ಇದರ ಕಸುಬೆಲ್ಲ ಪುನರುಕ್ತಿಯಲ್ಲಿದೆ. ‘ರೇನ್’ ಒಂದನೇ ಸಾಲಿನಲ್ಲಿ 3 ಸಲ, 4ರಲ್ಲಿ 1, 7ರಲ್ಲಿ 2, 10ರಲ್ಲಿ 1 ಸಲ ಬರುತ್ತದೆ. ಮೂರು ಮೂರು ಸಾಲಿಗೊಮ್ಮೆ, ಸೂರಿನ ಹನಿ ತೊಟ್ಟಿಕ್ಕಿದ ಹಾಗೆ. ಲೆಕ್ಕದ ಪ್ರಕಾರ ಮುಂದಿನದು 13ಕ್ಕೆ ಬರಬೇಕು. ಅಲ್ಲಿ ಮಳೆಯ ಬದಲು ‘ಕೋಲ್ಡ್ ವಾಟರ್’ ಇದೆ: ಮುರಿದ ಜೊಂಡಿನ ನಡುವೆ ನಿಂತ ತಣ್ಣೀರು. ಬೀಳುತ್ತಿದ್ದದ್ದು ಬಿದ್ದು ಕೆಳಗೆ ನಿಂತಿದೆ, ಸತ್ತವರ ಹಾಗೆ. 15ರಲ್ಲಿ ಕೊನೆಯ ಸಲ ಕಾಣಿಸಿಕೊಂಡು ಆ ಪದ ಮರೆಯಾಗುತ್ತದೆ. ಕೊನೆಯ ಸಾಲಿನಲ್ಲಿ ಮಾತಾಡುವುದು ‘ಟೆಂಪೆಸ್ಟ್’, ಬಿರುಗಾಳಿಮಳೆ. ಪದ್ಯ ತಿರುಗುವುದು ಆ 13ನೇ ಸಾಲಿನಲ್ಲೇ.

ಒಳಪ್ರಾಸಗಳನ್ನೂ ಕಿವಿಗೆ ಬೀಳಿಸಿ. 9ನೇ ಸಾಲಿನಲ್ಲಿ ‘ಡೈಯಿಂಗ್–ಲೈಯಿಂಗ್’. 10ರ ಕೊನೆಯ ‘ರೇನ್’ಗೆ 11ರ ಮೂರನೇ ಪದ ‘ಪೇನ್’ ಉತ್ತರ ಕೊಡುತ್ತದೆ. ಇವುಗಳ ಮೇಲೆ ಒತ್ತು ಹಾಕಬೇಡಿ, ತಾವಾಗಿ ತಾಗಲಿ.

ಛಂದಸ್ಸು ಬ್ಲಾಂಕ್ ವರ್ಸ್, ಅಂದರೆ ಅಂತ್ಯಪ್ರಾಸವಿಲ್ಲದ ಪದ್ಯ: ಸಾಮಾನ್ಯವಾಗಿ ಸಾಲಿಗೆ ಹತ್ತು ಉಚ್ಚಾರಾಂಶ (ಸಿಲೆಬಲ್), ಐದು ಒತ್ತು. ಕನ್ನಡದ ಪ್ರಾಸವಿಲ್ಲದ ಛಂದಸ್ಸಾದ ಸರಳರಗಳೆಯನ್ನು ಬಲ್ಲ ನಮಗೆ ಅರ್ಥ ಸಾಲು ದಾಟಿ ಹರಿಯುವುದು ಹೊಸದಲ್ಲ. ನಾವು ಎಡವುವುದು ಎಣಿಕೆಯಲ್ಲಿ. ಸರಳರಗಳೆಯಲ್ಲಿ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20 ಮಾತ್ರೆ; ಲೆಕ್ಕ ಕಾಲದ್ದು. ಇಂಗ್ಲಿಷಿನಲ್ಲಿ ಲೆಕ್ಕ ಒತ್ತಿನದು. ಎಲ್ಲ ಅಕ್ಷರಕ್ಕೂ ಸಮ ತೂಕ ಕೊಟ್ಟು ಓದಿದರೆ ‘ನಥಿಂಗ್ ಬಟ್ ದ ವೈಲ್ಡ್ ರೇನ್’ ಮಗ್ಗಿಯಾಗಿಬಿಡುತ್ತದೆ. ‘ಬಟ್ ದ’ ಹಗುರವಾಗಿ ದಾಟಿ, ‘ವೈಲ್ಡ್’, ‘ರೇನ್’ ಎರಡಕ್ಕೂ ಪೂರ್ತಿ ಭಾರ ಕೊಡಿ. 10ನೇ ಸಾಲಿನಲ್ಲಿ ‘ಸಾಲಿಟರಿ’ಗೆ ನಾಲ್ಕು, ‘ಲಿಸನಿಂಗ್’ಗೆ ಮೂರು ಉಚ್ಚಾರಾಂಶ ಬೇಕೇ ಬೇಕು. ‘ಸಾಲಿಟ್ರಿ’, ‘ಲಿಸ್ನಿಂಗ್’ ಎಂದು ನುಂಗಿದರೆ ಎಂಟೇ ಉಳಿದು ಸಾಲು ಕುಂಟುತ್ತದೆ. ಅಲ್ಲಿ ಬಲವಾದ ಒತ್ತು ಮೂರೇ, ನಡುವೆ ಉದ್ದುದ್ದ ಖಾಲಿ. ಒಬ್ಬಂಟಿತನ ಕೇಳಿಸುವುದು ಆ ಖಾಲಿಯಲ್ಲೇ.

ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪದ್ಯ ದುಡ್ಡಿಲ್ಲದೆ ಸಿಗುತ್ತದೆ. ಫೋನಿನಲ್ಲಿ ಓದುವುದಾದರೆ ಅಡ್ಡ ಹಿಡಿಯಿರಿ. ಉದ್ದ ಹಿಡಿದರೆ ಸಾಲುಗಳು ಮುರಿದು 18 ಇದ್ದದ್ದು 30 ದಾಟಬಹುದು, ಮೇಲಿನ ಲೆಕ್ಕವೆಲ್ಲ ಹಾಳು. ಜೋರಾಗಿ ಓದಲು ಸುಮಾರು ಒಂದೂಕಾಲು ನಿಮಿಷ ಸಾಕು; ಮುಕ್ಕಾಲು ನಿಮಿಷಕ್ಕೇ ಮುಗಿದರೆ ಓಡಿದ್ದೀರಿ. ಇಡೀ ಪದ್ಯದಲ್ಲಿ ವಾಕ್ಯ ಎರಡೇ. ಎರಡನೆಯದು ಹನ್ನೆರಡು ಸಾಲು ಉದ್ದ, ಉಸಿರು ಕಾಯ್ದಿಟ್ಟುಕೊಳ್ಳಿ.

ಕೊರತೆಯೂ ಇದೆ. 15ರಿಂದ 17ರವರೆಗೆ ‘ಲವ್’ ಮೂರು ಸಲ ಬಂದು ದಟ್ಟವಾಗುತ್ತದೆ. ಗುಡಿಸಲು, ಜೊಂಡು, ನೀರು ಎಂದು ಕಣ್ಣಿಗೆ ಕಟ್ಟಿದ್ದ ಪದ್ಯ ಅಲ್ಲಿ ಬರೀ ಭಾವದ ಮಾತಾಗುತ್ತದೆ. ಮೊದಲ ಓದಿಗೆ ಇದು ಜಗ್ಗಿದಂತೆ ಅನಿಸಿದರೆ ತಪ್ಪು ಓದುಗರದಲ್ಲ.

ಅನುವಾದಿಸುವವರಿಗೆ ಎರಡು ಕಡೆ ಕಷ್ಟ. 7ನೇ ಸಾಲಿನ ‘ರೇನ್ ರೇನ್ಸ್’ನಲ್ಲಿ ನಾಮಪದವೂ ಕ್ರಿಯಾಪದವೂ ಒಂದೇ, ಎರಡು ಒತ್ತು ಒತ್ತೊತ್ತಾಗಿ ಬೀಳುತ್ತವೆ. ಕನ್ನಡದಲ್ಲಿ ಮಳೆ ಹೊಯ್ಯುತ್ತದೆ, ಸುರಿಯುತ್ತದೆ. ಅದೇ ಪದ ಕ್ರಿಯೆಯಾಗಿ ತಿರುಗದು. ಆ ಪೆಟ್ಟನ್ನು ‘ಸುರಿಸುರಿದು’ ಎಂಬಂಥ ದ್ವಿರುಕ್ತಿಯಿಂದ ತುಸುವಾದರೂ ಉಳಿಸಿಕೊಳ್ಳಬಹುದು. ಇನ್ನೊಂದು, 17ನೇ ಸಾಲು ‘ಅಂಡ್’ ಎಂದು ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಸಾಲಿನ ಮೊದಲಲ್ಲೇ ‘ಕ್ಯಾನಾಟ್’, ಕೊನೆಯಲ್ಲಿ ‘ಡಿಸಪಾಯಿಂಟ್’, ನಡುವೆ ಬಿರುಮಳೆ ಹೇಳಿದ ಮಾತು. ‘ಇಲ್ಲ’ ಮೊದಲೇ ಬಂದು, ಏನಿಲ್ಲವೆಂಬುದು ಕೊನೆಗೆ ತಿಳಿಯುತ್ತದೆ. ಕನ್ನಡದಲ್ಲಿ ‘ನಿರಾಸೆ ಮಾಡದು’ ಎಂದರೆ ನಿರಾಸೆ ಮುಂದೆ ಬಂದು ನಿಷೇಧ ಹಿಂದೆ ಉಳಿಯುತ್ತದೆ. ಮೂಲವನ್ನು ಓದುವಾಗ ‘ಅಂಡ್’ ಆದಮೇಲೆ ಅರೆಕ್ಷಣ ನಿಲ್ಲಿ, ದನಿ ಮಾತ್ರ ಇಳಿಸಬೇಡಿ.