ಹ್ಯಾಂಡ್‌ಬ್ರೇಕ್: ವಿಡಿಯೋ ರಾಶಿಗೆ ಕನ್ನಡ ಸಬ್‌ಟೈಟಲ್ ಕೂರಿಸುವವರಿಗೆ

ಶಿಡ್ಲಘಟ್ಟ ಸುತ್ತಮುತ್ತ ರೇಷ್ಮೆ ಬೆಳೆಯುವವರಿಗಾಗಿ ಹಿಂದಿ, ಇಂಗ್ಲಿಷ್ ತರಬೇತಿ ವಿಡಿಯೋಗಳಿಗೆ ಒಪ್ಪಿಗೆ ಪಡೆದು ಕನ್ನಡ ಸಬ್‌ಟೈಟಲ್ ಹಾಕಿ ಕೊಡುತ್ತೇವೆ. ನಮ್ಮ ಕಡೆ ತೆಲುಗಾದರೆ ಬಹಳ ಜನಕ್ಕೆ ಅರ್ಥವಾಗುತ್ತದೆ, ಹಿಂದಿ ಹಾಗಲ್ಲ. ಈ ಕೆಲಸಕ್ಕೆ ವರ್ಷಗಳಿಂದ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಕ ಬಳಸುತ್ತಿದ್ದೇನೆ. ಪೂರ್ತಿ ಉಚಿತ, ವಾಟರ್‌ಮಾರ್ಕ್ ಕಾಟ ಇಲ್ಲ. 2003ರಲ್ಲಿ ಶುರುವಾದ ಓಪನ್ ಸೋರ್ಸ್ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ.

ಸಬ್‌ಟೈಟಲ್ ಬೇರೆ ಫೈಲಾಗಿ ಕೊಟ್ಟರೆ ಸಾಲದಾ ಅಂತ ಕೇಳಬಹುದು. ಸಾಲದು. ವಾಟ್ಸಾಪಿನಲ್ಲಿ ವಿಡಿಯೋ ಮಾತ್ರ ಊರೆಲ್ಲ ಸುತ್ತುತ್ತದೆ, ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲ್ ಅಲ್ಲೇ ಉಳಿಯುತ್ತದೆ. ಪೆನ್ ಡ್ರೈವ್ ಚುಚ್ಚಿದರೆ ಹಳೇ ಟಿವಿಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು. ಜ್ವರದಿಂದ (ಅಂದರೆ ಪೊರೆ ಬಿಡುವ ಹಂತದಿಂದ) ಎದ್ದ ಹುಳುವಿಗೆ ಸೊಪ್ಪು ಯಾವಾಗ ಕೊಡಬೇಕು ಅನ್ನುವ ಸಾಲೇ ಕಾಣದಿದ್ದರೆ ಆ ವಿಡಿಯೋ ನೋಡಿ ಏನು ಪ್ರಯೋಜನ? ಅಕ್ಷರಗಳು ಚಿತ್ರದೊಳಗೇ ಸೇರಿಬಿಟ್ಟರೆ ಯಾವ ಫೋನು, ಯಾವ ಟಿವಿ ಆದರೂ ಕಾಣುತ್ತದೆ. ಆದರೆ ಒಮ್ಮೆ ಸೇರಿದ ಮೇಲೆ ತೆಗೆಯಲು ಆಗದು, ಮೂಲ ವಿಡಿಯೋ ಮತ್ತು ಎಸ್‌ಆರ್‌ಟಿ ಎರಡನ್ನೂ ಜೋಪಾನವಾಗಿ ಇಡಿ.

ಇನ್ನು ರಾಶಿ ಕೆಲಸ. ಇಡೀ ಫೋಲ್ಡರನ್ನು ತೆರೆದು ಎಲ್ಲವನ್ನೂ ಒಂದೇ ಸಲ ಕ್ಯೂಗೆ, ಅಂದರೆ ಕೆಲಸದ ಸರದಿಗೆ, ಸೇರಿಸಬಹುದು. ತೊಡಕು ಬರುವುದು ಹೊರಗಿನ ಎಸ್‌ಆರ್‌ಟಿಗಳಿದ್ದಾಗ. ನನ್ನ ಹಳೇ ಆವೃತ್ತಿಯಲ್ಲಿ ಪ್ರತಿ ವಿಡಿಯೋಗೂ ಅದರದರ ಫೈಲನ್ನು ಕೈಯಿಂದಲೇ ಸೇರಿಸಬೇಕು, ನಾಲ್ಕೈದಾದರೆ ಸರಿ, ಅದಕ್ಕಿಂತ ಜಾಸ್ತಿ ಆದರೆ ಸಾಕಪ್ಪಾ ಅನಿಸುತ್ತದೆ. ಅದಕ್ಕೆ ನಾನು ಮೊದಲು ಎಂಕೆವಿಟೂಲ್‌ನಿಕ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ವಿಡಿಯೋ ಮತ್ತು ಎಸ್‌ಆರ್‌ಟಿಯನ್ನು ಸೇರಿಸಿ ಒಂದೇ ಎಂಕೆವಿ ಫೈಲ್ ಮಾಡಿಕೊಳ್ಳುತ್ತೇನೆ, ಒಳಗಿನ ಸಬ್‌ಟೈಟಲ್ ಟ್ರ್ಯಾಕಿನ ಭಾಷೆ ಕನ್ನಡ ಎಂದು ಗುರುತಿಸುತ್ತೇನೆ. ವಿಡಿಯೋವನ್ನು ಮತ್ತೆ ಎನ್‌ಕೋಡ್ (ಹೊಸದಾಗಿ ಸಂಕುಚಿತ) ಮಾಡುವುದಿಲ್ಲವಾದ್ದರಿಂದ ಬೇಗ ಮುಗಿಯುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಪ್ರೀಸೆಟ್‌ನಲ್ಲಿ (ಉಳಿಸಿಟ್ಟುಕೊಳ್ಳುವ ಸೆಟ್ಟಿಂಗ್‌ಗಳಲ್ಲಿ) ಕನ್ನಡ ಭಾಷೆ ಆರಿಸಿ, ಮೊದಲು ಆಯ್ಕೆಯಾದ ಟ್ರ್ಯಾಕನ್ನು ಬರ್ನ್ ಇನ್ ಮಾಡು, ಅಂದರೆ ಚಿತ್ರದೊಳಗೇ ಸೇರಿಸು, ಎಂದು ಹೇಳಿ ಪ್ರೀಸೆಟ್ ಉಳಿಸಿದರೆ ಆಯಿತು. ಕ್ಯೂ ಶುರು ಮಾಡಿ ಮಲಗಬಹುದು, ಮುಗಿದ ಮೇಲೆ ಕಂಪ್ಯೂಟರ್ ತಾನಾಗಿ ಆಫ್ ಆಗುವಂತೆಯೂ ಇಡಬಹುದು.

ಕನ್ನಡಕ್ಕೆ ಮಾತ್ರ ಎರಡು ವಿಷಯ ನೋಡಲೇಬೇಕು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕೊಟ್ಟರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ಗೆ ಬದಲಿಸಿ, ಯುಟಿಎಫ್-8ರಲ್ಲಿ ಉಳಿಸಿ. ಇನ್ನೊಂದು ಒತ್ತಕ್ಷರ. ಇಡೀ ಕ್ಯೂ ಬಿಡುವ ಮೊದಲು ಒಂದೇ ನಿಮಿಷದ ತುಣುಕು ಎನ್‌ಕೋಡ್ ಮಾಡಿ, ಹಿಪ್ಪುನೇರಳೆ, ಚಂದ್ರಿಕೆ, ಶಿಡ್ಲಘಟ್ಟದಂಥ ಪದ ಇರುವ ಸಾಲು ನೋಡಿ. ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ಬಿದ್ದಿದ್ದರೆ ಅಲ್ಲೇ ನಿಲ್ಲಿಸಿ. ಎಸ್‌ಆರ್‌ಟಿಗೆ ಬೇಕಾದ ಫಾಂಟ್ ಆರಿಸಲು ನನ್ನ ಆವೃತ್ತಿಯಲ್ಲಿ ಜಾಗವಿಲ್ಲ, ನನಗೆ ಇದೇ ದೊಡ್ಡ ಕೊರತೆ. ದಾರಿ ಇದೆ: ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶದಲ್ಲಿ ಫೈಲನ್ನು ಎಎಸ್‌ಎಸ್ (ಫಾಂಟ್, ಬಣ್ಣವನ್ನೂ ಹಿಡಿದಿಡುವ ಸಬ್‌ಟೈಟಲ್ ರೂಪ) ಮಾಡಿ, ಅದರ ಶೈಲಿಯಲ್ಲಿ ನೋಟೋ ಸಾನ್ಸ್ ಕನ್ನಡ ಇಟ್ಟು, ಆ ಫಾಂಟನ್ನು ಕಂಪ್ಯೂಟರಿನಲ್ಲೂ ಹಾಕಿಕೊಂಡರೆ ಅಕ್ಷರ ದುಂಡಗೆ, ಬಿಳಿಗೆ ಕಪ್ಪು ಅಂಚಿನೊಂದಿಗೆ ಚೆನ್ನಾಗಿ ಕಾಣುತ್ತದೆ. ಹುಳುಮನೆಯಲ್ಲಿ ನಿಂತು ಫೋನಿನಲ್ಲಿ ನೋಡುವವರಿಗೆ ಅಕ್ಷರ ಸ್ವಲ್ಪ ದೊಡ್ಡದೇ ಇರಲಿ.

ವಿಡಿಯೋ ಸಂಕುಚನ ವಿಧಾನಗಳಲ್ಲಿ ಹಳೇ ಟಿವಿಗೆ ಎಚ್.264 ಸಾಕು, ಎಚ್.265 ಬಹಳಷ್ಟರಲ್ಲಿ ಓಡುವುದಿಲ್ಲ. ಗುಣಮಟ್ಟ ನಿರ್ಧರಿಸುವ ಆರ್‌ಎಫ್ ಸಂಖ್ಯೆಯನ್ನು 22ಕ್ಕೆ ಇಡುತ್ತೇನೆ. ಸಂಖ್ಯೆ ಕಡಿಮೆ ಆದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. ಫ್ಯಾಟ್32 ರೂಪದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ 4 ಜಿಬಿ ದಾಟಿದ ಫೈಲ್ ಹಿಡಿಸುವುದಿಲ್ಲ, ಉದ್ದದ ವಿಡಿಯೋ ಭಾಗ ಮಾಡಿ.

ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಆದ ಎಂಪಿ4 ತೆರೆಯುವುದಿಲ್ಲ, ಅದೊಂದನ್ನು ಮೊದಲಿನಿಂದ ಮಾಡಬೇಕು. ಉಳಿದ ಕ್ಯೂ ಮತ್ತೆ ತೆರೆದಾಗ ಸಿಗುತ್ತದೆ. ನಮ್ಮಂಥ ಊರಿನಲ್ಲಿ ಇದೊಂದಕ್ಕೇ ಹ್ಯಾಂಡ್‌ಬ್ರೇಕ್‌ಗೆ ಪೂರ್ತಿ ಅಂಕ ಕೊಡುತ್ತೇನೆ.